ರೂಗರ್ 10/22 ರೈಫಲ್‌ನ ಎಕ್ಸ್‌ಟ್ರಾಕ್ಟರ್ ಮನೆಯಲ್ಲೇ ಬದಲಾಯಿಸುವುದು ಹೇಗೆ

ಒಂದು ಗುಂಡು ಸರಿಯಾಗಿ ಹಾರಿತು, ಮುಂದಿನದಕ್ಕೆ ಟ್ರಿಗರ್ ಎಳೆದರೆ ಏನೂ ಇಲ್ಲ. ಬೋಲ್ಟ್ (ಗುಂಡನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ತುಂಡು) ಎಳೆದು ನೋಡಿದರೆ ಹಳೇ ಖಾಲಿ ಕೇಸು (ಗುಂಡಿನ ಹೊರಚಿಪ್ಪು) ಇನ್ನೂ ಚೇಂಬರಿನಲ್ಲೇ (ನಳಿಕೆಯ ಹಿಂದೆ ಗುಂಡು ಕೂರುವ ಜಾಗ) ಕೂತಿದೆ, ಅದರ ಹಿಂದೆ ಹೊಸ ಗುಂಡು ಮೂತಿ ತೂರಿಸಲು ಹೋಗಿ ಸಿಕ್ಕಿಹಾಕಿಕೊಂಡಿದೆ. ರೂಗರ್ 10/22 ಅನ್ನೋ .22 ರೈಫಲ್ ಇಟ್ಟುಕೊಂಡವರಲ್ಲಿ ತುಂಬಾ ಜನ ಇದನ್ನು ನೋಡಿರುತ್ತಾರೆ. ಕೂಡಲೇ ಬರುವ ಸಲಹೆಯೂ ಒಂದೇ: "ಎಕ್ಸ್‌ಟ್ರಾಕ್ಟರ್ ಬದಲಾಯಿಸಿ". ಕೇಸಿನ ಅಂಚನ್ನು ಹಿಡಿಯುವ ಆ ಪುಟ್ಟ ಕೊಕ್ಕೆಯನ್ನು ಬದಲಾಯಿಸುವುದು ಕಷ್ಟವಲ್ಲ, ಮನೆಯ ಮೇಜಿನ ಮೇಲೆ ಒಂದು ಸಂಜೆಯಲ್ಲಿ ಮುಗಿಯುವ ಕೆಲಸ. ಆದರೆ ತಪ್ಪು ನಿಜವಾಗಿ ಅದರದ್ದೇನಾ ಅಂತ ಮೊದಲು ನೋಡಿಕೊಳ್ಳಬೇಕು. ಬಹಳ ಸಲ ಅದರದ್ದಲ್ಲ.

ಶುರು ಮಾಡುವ ಮೊದಲು ಕಾನೂನಿನ ಮಾತು, ಯಾಕೆಂದರೆ ಅಮೆರಿಕದಲ್ಲಿರುವ ನಮ್ಮವರಲ್ಲಿ ಇದು ಗೊತ್ತಿಲ್ಲದವರು ಜಾಸ್ತಿ. ಎಚ್-1ಬಿ, ಎಲ್-1, ಎಫ್-1, ಎಚ್-4 ಇಂಥ ವೀಸಾದಲ್ಲಿ ಇರುವವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು 1998ರಿಂದ ನಿಷೇಧಿಸಿದೆ. ಕೆಲವು ವಿನಾಯಿತಿಗಳಿವೆ, ಅದರಲ್ಲಿ ಹೆಚ್ಚಿನವರಿಗೆ ಅನ್ವಯಿಸುವುದು ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಸ್ನೇಹಿತರ ರೈಫಲ್ ಅಂತಲೋ ರೇಂಜಿನಲ್ಲಿ ಬಾಡಿಗೆಗೆ ತೆಗೆದುಕೊಂಡದ್ದು ಅಂತಲೋ ಹೇಳಿದರೆ ತಪ್ಪಿಸಿಕೊಳ್ಳಲಾಗುವುದಿಲ್ಲ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಇಲ್ಲ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ, ಅದನ್ನು ನಿಮ್ಮ ಊರಿನದ್ದೇ ನೋಡಿಕೊಳ್ಳಿ. ಎಕ್ಸ್‌ಟ್ರಾಕ್ಟರ್ ಅನ್ನೋ ಬಿಡಿ ಭಾಗಕ್ಕೆ ಕೇಂದ್ರ ಕಾನೂನಿನಲ್ಲಿ ಯಾವ ಕಾಗದಪತ್ರವೂ ಬೇಡ. ಅಲ್ಲಿ ಕಾನೂನಿನ ಕಣ್ಣಿಗೆ ಬಂದೂಕು ಅಂದರೆ ನಂಬರ್ ಕೊರೆದಿರುವ ರಿಸೀವರ್ (ಬೋಲ್ಟ್, ಟ್ರಿಗರ್ ಕೂರುವ ಮುಖ್ಯ ಚೌಕಟ್ಟು) ಮಾತ್ರ. ಊರಲ್ಲಿ ಕೂತು ಓದುತ್ತಿರುವವರಿಗೆ ಲೆಕ್ಕ ಪೂರ್ತಿ ಬೇರೆ: ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕು ರಿಪೇರಿಗೂ ಲೈಸೆನ್ಸ್ ಬೇಕು, ಆದ್ದರಿಂದ ನಿಮ್ಮ ರೈಫಲನ್ನು ಲೈಸೆನ್ಸ್ ಇರುವ ಅಂಗಡಿಗೇ ಕೊಡಿ.

ಈಗ ಕೆಲಸಕ್ಕೆ ಬರೋಣ.

ಎಕ್ಸ್‌ಟ್ರಾಕ್ಟರ್ ಮಾಡುವ ಕೆಲಸ ಏನು

ಬೋಲ್ಟ್‌ನ ಮುಖದ ಬಲಗಡೆ ಒಂದು ಪುಟ್ಟ ಉಕ್ಕಿನ ಕೊಕ್ಕೆ ಇರುತ್ತದೆ, ಅದೇ ಎಕ್ಸ್‌ಟ್ರಾಕ್ಟರ್. ಅದರ ಹಿಂದೆ ಒಂದು ಸಣ್ಣ ಪ್ಲಂಜರ್, ಪ್ಲಂಜರ್ ಹಿಂದೆ ಒಂದು ಸ್ಪ್ರಿಂಗ್. ಸ್ಪ್ರಿಂಗ್ ಪ್ಲಂಜರನ್ನು ಮುಂದಕ್ಕೆ ಒತ್ತುತ್ತದೆ, ಪ್ಲಂಜರ್ ಕೊಕ್ಕೆಯನ್ನು ಒಳಗೆ ಒತ್ತಿ ಹಿಡಿಯುತ್ತದೆ, ಕೊಕ್ಕೆ ಗುಂಡಿನ ಹಿಂಭಾಗದ ಅಂಚನ್ನು ಹಿಡಿದುಕೊಳ್ಳುತ್ತದೆ. ಇಷ್ಟೇ. ಪಿನ್ ಇಲ್ಲ, ಸ್ಕ್ರೂ ಇಲ್ಲ, ಸ್ಪ್ರಿಂಗಿನ ಒತ್ತಡದಲ್ಲೇ ಎಲ್ಲ ನಿಂತಿದೆ.

ಇಲ್ಲೊಂದು ವಿಷಯ ಅರ್ಥ ಮಾಡಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ. 10/22 ಒಂದು ಬ್ಲೋಬ್ಯಾಕ್ ರೈಫಲ್. ಅಂದರೆ ಗುಂಡು ಹಾರಿದಾಗ ಉಂಟಾಗುವ ಅನಿಲದ ಒತ್ತಡವೇ ಖಾಲಿ ಕೇಸನ್ನು ಹಿಂದಕ್ಕೆ ತಳ್ಳುತ್ತದೆ, ಕೇಸು ಬೋಲ್ಟನ್ನು ತಳ್ಳುತ್ತದೆ. ಹಾಗಾಗಿ ಗುಂಡು ಹಾರಿದಾಗ ಕೇಸನ್ನು ಹೊರಗೆ ಎಳೆಯುವ ಮುಖ್ಯ ಶಕ್ತಿ ಎಕ್ಸ್‌ಟ್ರಾಕ್ಟರ್ ಅಲ್ಲವೇ ಅಲ್ಲ. ಅದು ಕೇಸಿನ ಅಂಚನ್ನು ಬೋಲ್ಟ್ ಮುಖಕ್ಕೆ ಅಂಟಿಸಿಕೊಂಡು ಹಿಂದೆ ಬರುತ್ತದೆ, ಎಡಗಡೆ ಇರುವ ಎಜೆಕ್ಟರ್ ತಾಗಿದಾಗ ಕೇಸು ಕೊಕ್ಕೆಯ ಮೇಲೆ ತಿರುಗಿ ಬಲಕ್ಕೆ ಚಿಮ್ಮುತ್ತದೆ. ಕೊಕ್ಕೆ ನಿಜವಾಗಿ ಎಳೆಯಬೇಕಾಗುವುದು ಹಾರದ ಗುಂಡನ್ನು ಕೈಯಿಂದ ಹೊರ ತೆಗೆಯುವಾಗ. ಆಗ ಅದಕ್ಕೆ ಬೇರೆ ಯಾರ ಸಹಾಯವೂ ಇರುವುದಿಲ್ಲ.

ತಪ್ಪು ಎಲ್ಲಿದೆ ಅಂತ ಹುಡುಕುವುದು

ಕೇಸು ಚೇಂಬರ್ ಬಿಟ್ಟು ಬಂದು ಕಿಟಕಿಯಲ್ಲಿ (ರಿಸೀವರಿನ ಬದಿಯಲ್ಲಿ ಕೇಸು ಹೊರಬೀಳುವ ತೆರಪು) ನೆಟ್ಟಗೆ ನಿಂತು ಸಿಕ್ಕಿಕೊಳ್ಳುತ್ತಿದೆಯಾ? ಹಾಗಿದ್ದರೆ ಮೊದಲು ಗುಂಡಿನ ಮೇಲೆ ಅನುಮಾನಪಡಿ. ಕಡಿಮೆ ವೇಗದ ಗುಂಡಿಗೆ ಬೋಲ್ಟನ್ನು ಪೂರ್ತಿ ಹಿಂದಕ್ಕೆ ಕಳಿಸುವ ಬಲ ಸಾಕಾಗದೇ ಇರಬಹುದು. ಸಿಸಿಐ ಮಿನಿಮ್ಯಾಗ್ 40 ಗ್ರೇನ್ ತೂಕದ ಗುಂಡಿನ ವೇಗ ಸೆಕೆಂಡಿಗೆ 1,235 ಅಡಿ, ಅದೇ ಕಂಪನಿಯ ಸ್ಟ್ಯಾಂಡರ್ಡ್ ಗುಂಡಿನದ್ದು 1,070. ಇಷ್ಟು ವ್ಯತ್ಯಾಸವೇ ಕೊಳೆಯಾದ ರೈಫಲ್‌ನಲ್ಲಿ ಕೆಲಸ ಕೆಡಿಸಲು ಸಾಕು. ಬೇರೆ ಗುಂಡು ಹಾಕಿದ ಮೇಲೂ ಹಾಗೇ ಆದರೆ, ರೈಫಲ್ ಸ್ವಚ್ಛವಾಗಿಯೂ ಇದ್ದರೆ, ಆಗ ಕೊಕ್ಕೆ, ಎಜೆಕ್ಟರ್ ಕಡೆ ನೋಡಿ.

ಕೇಸು ಚೇಂಬರಿನಲ್ಲೇ ಉಳಿಯುತ್ತಿದ್ದರೆ ಮೊದಲ ಅನುಮಾನ ಚೇಂಬರಿನ ಕೊಳೆ, ಎರಡನೆಯದು ಕೊಕ್ಕೆಯ ಕೆಳಗಿನ ಮಸಿ, ಮೂರನೆಯದು ಕೊಕ್ಕೆ ಸವೆದಿರುವುದು. .22 ಲಾಂಗ್ ರೈಫಲ್ ಗುಂಡಿಗೆ ಹೊರಗಡೆ ಮೇಣ ಅಥವಾ ಗ್ರೀಸ್ ಸವರಿರುತ್ತಾರೆ, ಸೀಸ ಬೇರೆ, ಸುಟ್ಟ ಪುಡಿ ಬೇರೆ. ಇದೆಲ್ಲ ಸೇರಿ ಕೊಕ್ಕೆಯ ಹಿಂದಿನ ಗೂಡಿನಲ್ಲಿ ಕರೀ ಅಂಟಾಗಿ ಗಟ್ಟಿಯಾಗುತ್ತದೆ. ಆಗ ಕೊಕ್ಕೆ ಪೂರ್ತಿ ಒಳಗೆ ಬರುವುದಿಲ್ಲ, ಅಂಚನ್ನು ತುದಿಯಲ್ಲಿ ಮಾತ್ರ ಹಿಡಿದು ಜಾರುತ್ತದೆ. ಹೊಸ ಕೊಕ್ಕೆ ಹಾಕಿದ ಕೂಡಲೇ ಸರಿಹೋಯ್ತು ಅನ್ನುವವರಲ್ಲಿ ಎಷ್ಟೋ ಜನರ ರೈಫಲ್ ಸರಿಹೋಗಿದ್ದು ಹಾಕುವಾಗ ಆ ಗೂಡು ಸ್ವಚ್ಛವಾಯ್ತು ಅನ್ನುವ ಕಾರಣಕ್ಕೆ, ನನ್ನ ಅಭಿಪ್ರಾಯದಲ್ಲಿ.

ರೇಂಜಿನಲ್ಲಿ ಒಂದು ಪರೀಕ್ಷೆ ಮಾಡಬಹುದು. ನಳಿಕೆ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ಹೊರಗಿರಲಿ, ಒಂದು ಗುಂಡನ್ನು ಚೇಂಬರಿಗೆ ಹಾಕಿ ಹಾರಿಸದೆ ಕೈಯಿಂದ ಬೋಲ್ಟ್ ಎಳೆಯಿರಿ. ಹೊರಗೆ ಬಂತಾ, ಚಿಮ್ಮಿತಾ? ನಾಲ್ಕೈದು ಸಲ ಮಾಡಿ ನೋಡಿ. ಪದೇಪದೇ ಒಳಗೇ ಉಳಿದರೆ ಎಕ್ಸ್‌ಟ್ರಾಕ್ಟರ್ ಮೇಲಿನ ದೂರು ನಿಜ ಇರಬಹುದು. ಈ ಪರೀಕ್ಷೆ ಮನೆಯಲ್ಲಿ ಯಾವತ್ತೂ ಬೇಡ.

ಏನೇನು ಬೇಕು

ಹೊಸ ಎಕ್ಸ್‌ಟ್ರಾಕ್ಟರ್, ಸಾಧ್ಯವಾದರೆ ಜೊತೆಗೆ ಹೊಸ ಸ್ಪ್ರಿಂಗ್ ಮತ್ತು ಪ್ಲಂಜರ್. ರೂಗರ್ ಕಂಪನಿಯದ್ದೇ ಮೂಲ ಭಾಗ ಸಾಕಾಗುತ್ತದೆ. ವೋಲ್ಕ್ವಾರ್ಟ್‌ಸನ್‌ನವರ ಎಕ್ಸಾಕ್ಟ್ ಎಡ್ಜ್ ಅನ್ನುವ ಕೊಕ್ಕೆಯ ತುದಿ ಹೆಚ್ಚು ಚೂಪಾಗಿರುತ್ತದೆ, ತುಂಬಾ ಜನ ಅದನ್ನೇ ಹಾಕಿಸಿಕೊಳ್ಳುತ್ತಾರೆ. ಕೊಳ್ಳುವಾಗ 10/22ಕ್ಕೆ, ಅದೂ .22 ಲಾಂಗ್ ರೈಫಲ್ ಮಾದರಿಗೆ ಅಂತ ಖಚಿತ ಮಾಡಿಕೊಳ್ಳಿ.

ಟೇಕ್‌ಡೌನ್ ಸ್ಕ್ರೂಗೆ (ಸ್ಟಾಕ್, ಅಂದರೆ ರೈಫಲ್ ಹಿಡಿಯನ್ನು ಬಿಗಿದಿರುವ ಸ್ಕ್ರೂ) ಸರಿಯಾಗಿ ಕೂರುವ ಅಗಲದ ಸ್ಕ್ರೂಡ್ರೈವರ್, ಕನ್ನಡಕ ರಿಪೇರಿಗೆ ಬಳಸುವಂಥ ತೆಳು ಸ್ಕ್ರೂಡ್ರೈವರ್, ಪಿನ್ ತಳ್ಳಲು ಒಂದು ಪಂಚ್ ಅಥವಾ ಮರದ ಕಡ್ಡಿ, ಹಳೇ ಟೂತ್ ಬ್ರಷ್, ಹಾಪ್ಪೀಸ್ ನಂಬರ್ 9 ಥರದ ಸಾಲ್ವೆಂಟ್, ತೆಳು ಎಣ್ಣೆ, ಬಟ್ಟೆ ಚೂರುಗಳು. ಕಣ್ಣಿಗೆ ಸೇಫ್ಟಿ ಕನ್ನಡಕ, ಇದನ್ನು ಬಿಡಬೇಡಿ. ಮತ್ತೆ ದೊಡ್ಡದೊಂದು ಪಾರದರ್ಶಕ ಪ್ಲಾಸ್ಟಿಕ್ ಕವರ್, ಇಡೀ ಕೆಲಸದಲ್ಲಿ ಅತ್ಯಂತ ಉಪಯೋಗಕ್ಕೆ ಬರುವ ಸಾಮಾನು ಇದೇ, ಯಾಕೆ ಅಂತ ಮುಂದೆ ಹೇಳುತ್ತೇನೆ. ಮೇಜಿನ ಮೇಲೆ ಬಿಳೀ ಬಟ್ಟೆ ಹಾಸಿ, ಪಕ್ಕಕ್ಕೆ ಒಂದು ಸ್ಟೀಲ್ ತಟ್ಟೆ ಇಟ್ಟುಕೊಳ್ಳಿ. ಆ ತಟ್ಟೆ ಮತ್ತೆ ಊಟಕ್ಕೆ ಬೇಡ. ಸೀಸದ ಪುಡಿ ಇರುತ್ತದೆ, ಕೆಲಸ ಮುಗಿದ ಮೇಲೆ ಕೈಯನ್ನೂ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಕೋಣೆಯ ಕಿಟಕಿ ತೆಗೆದಿಡಿ. ಮಕ್ಕಳು ಆ ಕೋಣೆಗೆ ಬರುವುದು ಬೇಡ.

ಖಾಲಿ ಮಾಡುವುದು

ಗುಂಡಿನ ಡಬ್ಬಗಳನ್ನೆಲ್ಲ ಬೇರೆ ಕೋಣೆಯಲ್ಲಿಡಿ. ಮ್ಯಾಗಜೀನ್ ತೆಗೆಯಿರಿ. ಬೋಲ್ಟ್ ಹಿಂದಕ್ಕೆ ಎಳೆದು ಹಿಡಿದು ಚೇಂಬರ್ ಒಳಗೆ ಬೆಳಕು ಬಿಟ್ಟು ನೋಡಿ, ಕಿರುಬೆರಳು ಹಾಕಿ ಮುಟ್ಟಿಯೂ ನೋಡಿ. ಮ್ಯಾಗಜೀನ್ ಇದ್ದಾಗ ಬೋಲ್ಟ್ ಎಳೆದರೆ ಅದು ಇನ್ನೊಂದು ಗುಂಡನ್ನು ಒಳಗೆ ತಳ್ಳುತ್ತದೆ. ಆದ್ದರಿಂದ ಮೊದಲು ಮ್ಯಾಗಜೀನ್, ಆಮೇಲೆ ಬೋಲ್ಟ್, ಈ ಕ್ರಮ ತಪ್ಪಬಾರದು. ಕೊಕ್ಕೆ ಕೆಟ್ಟಿರುವ ರೈಫಲ್‌ಗೆ ಈ ಪರೀಕ್ಷೆ ಇನ್ನೂ ಮುಖ್ಯ, ಯಾಕೆಂದರೆ ಬೋಲ್ಟ್ ಎಳೆದಾಗ ಏನೂ ಹೊರಗೆ ಬರಲಿಲ್ಲ ಅಂದಮಾತ್ರಕ್ಕೆ ಒಳಗೆ ಏನೂ ಇಲ್ಲ ಅಂತ ಅಲ್ಲ. ನೀವು ಅದನ್ನು ಬಿಚ್ಚುತ್ತಿರುವುದೇ ಅದು ಹೊರಗೆ ತರುವ ಕೆಲಸ ಮಾಡುತ್ತಿಲ್ಲ ಅನ್ನುವ ಕಾರಣಕ್ಕೆ ಅಲ್ವಾ.

ಬಿಚ್ಚುವುದು

ಬೋಲ್ಟ್ ಒಮ್ಮೆ ಎಳೆದು ಬಿಟ್ಟರೆ ಹ್ಯಾಮರ್ (ಟ್ರಿಗರ್ ಎಳೆದಾಗ ಬೀಳುವ ಸುತ್ತಿಗೆಯಂಥ ಭಾಗ) ಕಾಕ್ ಆಗಿರುತ್ತದೆ, ಅಂದರೆ ಹಿಂದಕ್ಕೆ ಸರಿದು ಹೊಡೆಯಲು ಸಿದ್ಧವಾಗಿರುತ್ತದೆ. ಈಗ ಸೇಫ್ಟಿ ಗುಂಡಿಯನ್ನು ಅರ್ಧಕ್ಕೆ ಒತ್ತಿ, ಎರಡೂ ಕಡೆ ಸಮನಾಗಿ ನಿಲ್ಲುವ ಹಾಗೆ ಮಾಡಿ. ಹಾಗೆ ಮಾಡದಿದ್ದರೆ ಗುಂಡಿ ಒಂದು ಕಡೆ ಚಾಚಿಕೊಂಡು ಸ್ಟಾಕಿಗೆ ಸಿಕ್ಕಿಕೊಳ್ಳುತ್ತದೆ. ಬಲವಂತವಾಗಿ ಎಳೆದರೆ ಮರ ಸೀಳಬಹುದು.

ಕಾರ್ಬೈನ್ ಮಾದರಿಯಾದರೆ ನಳಿಕೆಯ ಮುಂದಿರುವ ಬ್ಯಾಂಡಿನ ಸ್ಕ್ರೂ ಸಡಿಲಿಸಿ, ಬ್ಯಾಂಡನ್ನು ಮುಂದಕ್ಕೆ ಜಾರಿಸಿ ತೆಗೆಯಿರಿ. ಆಮೇಲೆ ಸ್ಟಾಕಿನ ಕೆಳಗೆ, ಮ್ಯಾಗಜೀನ್ ಜಾಗದ ಸ್ವಲ್ಪ ಮುಂದಿರುವ ಟೇಕ್‌ಡೌನ್ ಸ್ಕ್ರೂ ಬಿಚ್ಚಿ. ನಳಿಕೆ ಹಿಡಿದು ಮುಂಭಾಗ ಮೊದಲು ಮೇಲೆತ್ತಿ, ನಂತರ ಹಿಂಭಾಗ ಬರುತ್ತದೆ.

ಇಲ್ಲಿಂದ ಎಚ್ಚರ. ರಿಸೀವರಿನ ಅಡ್ಡಕ್ಕೆ ಇರುವ ಪಿನ್ನುಗಳು ಬಿಗಿಯಾಗಿಲ್ಲ, ಅವು ಬೀಳದ ಹಾಗೆ ತಡೆದಿದ್ದದ್ದು ಸ್ಟಾಕ್. ಅದು ಹೋದ ಮೇಲೆ ರೈಫಲ್ ಓರೆ ಮಾಡಿದರೆ ಸಾಕು, ಪಿನ್ ಸದ್ದಿಲ್ಲದೆ ಜಾರಿ ಬೀಳುತ್ತದೆ. ಬಟ್ಟೆಯ ಮೇಲೇ ಕೆಲಸ ಮಾಡಿ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಳ್ಳಿ.

ಟ್ರಿಗರ್ ಹೌಸಿಂಗನ್ನು (ಟ್ರಿಗರ್, ಹ್ಯಾಮರ್ ಕೂತಿರುವ ಡಬ್ಬಿ) ಹಿಡಿದಿರುವ ಎರಡು ಪಿನ್ ತಳ್ಳಿ ತೆಗೆದರೆ ಹೌಸಿಂಗ್ ಇಡಿಯಾಗಿ ಕೈಗೆ ಬರುತ್ತದೆ. ಅದನ್ನು ಹಾಗೇ ಪಕ್ಕಕ್ಕಿಡಿ. ಕೈಯಲ್ಲಿ ಹಿಡಿದು ಟ್ರಿಗರ್ ಎಳೆಯಬೇಡಿ, ಹ್ಯಾಮರ್ ಹೊಡೆಯಲು ಬೋಲ್ಟ್ ಇಲ್ಲದೆ ಹೌಸಿಂಗಿಗೇ ಹೋಗಿ ಬಡಿಯುತ್ತದೆ. ಅದರ ಒಳಗಿನ ಸಿಯರ್ (ಹ್ಯಾಮರನ್ನು ತಡೆದು ಹಿಡಿಯುವ ಭಾಗ), ಸ್ಪ್ರಿಂಗುಗಳನ್ನು ಮುಟ್ಟುವ ಕೆಲಸವೂ ಇವತ್ತಿನದ್ದಲ್ಲ. ಟ್ರಿಗರ್ ಭಾಗಗಳನ್ನು ಉಜ್ಜುವುದು, ತಿದ್ದುವುದು ಸುರಕ್ಷತೆಯ ದೃಷ್ಟಿಯಿಂದಲೂ ಕಾನೂನಿನ ದೃಷ್ಟಿಯಿಂದಲೂ ಬೇರೆಯೇ ವಿಷಯ, ಮನೆಯಲ್ಲಿ ಬೇಡ.

ರಿಸೀವರಿನ ಹಿಂದೆ ಉಳಿದ ದಪ್ಪ ಪಿನ್ ಬೋಲ್ಟ್ ಸ್ಟಾಪ್. ಅದನ್ನೂ ತಳ್ಳಿ ತೆಗೆಯಿರಿ. ರಿಸೀವರನ್ನು ಮಗುಚಿ ಹಿಡಿದು, ಚಾರ್ಜಿಂಗ್ ಹ್ಯಾಂಡಲ್ ಪೂರ್ತಿ ಹಿಂದಕ್ಕೆ ಎಳೆದು ಹಿಡಿಯಿರಿ, ಬೋಲ್ಟ್‌ನ ಮುಂಭಾಗವನ್ನು ಮೇಲಕ್ಕೆ ಎತ್ತಿ ಹೊರಗೆ ತೆಗೆಯಿರಿ. ಮೊದಲ ಸಲ ಸ್ವಲ್ಪ ಒದ್ದಾಡಬೇಕಾಗುತ್ತದೆ, ಕೋನ ಸಿಕ್ಕಿದರೆ ಸಲೀಸಾಗಿ ಬರುತ್ತದೆ. ಬೋಲ್ಟ್ ಬಂದ ಮೇಲೆ ಹ್ಯಾಂಡಲನ್ನು ನಿಧಾನಕ್ಕೆ ಮುಂದಕ್ಕೆ ಬಿಡಿ, ಪಟ್ಟನೆ ಅಲ್ಲ. ಹ್ಯಾಂಡಲ್, ಅದರ ಕಂಬಿ, ಸ್ಪ್ರಿಂಗ್ ಮೂರೂ ಒಟ್ಟಿಗೆ ಕಿಟಕಿಯ ಮೂಲಕ ಹೊರಗೆ ಬರುತ್ತವೆ.

ಕೊಕ್ಕೆ ಬದಲಾಯಿಸುವುದು

ಈಗ ಬೋಲ್ಟನ್ನು ಬೆಳಕಿಗೆ ಹಿಡಿದು ನೋಡಿ. ಕೊಕ್ಕೆಯ ತುದಿ ಚೂಪಾಗಿ ಒಳಮುಖವಾಗಿ ಬಾಗಿದೆಯಾ, ಇಲ್ಲಾ ದುಂಡಗೆ ಸವೆದು ಹೊಳೆಯುತ್ತಿದೆಯಾ? ಮೂಲೆ ಮುರಿದಿದೆಯಾ? ಉಗುರಿನಿಂದ ಹೊರಕ್ಕೆ ಒತ್ತಿ ಬಿಡಿ. ಟಪ್ಪನೆ ವಾಪಸ್ ಬರಬೇಕು. ನಿಧಾನಕ್ಕೆ ತೆವಳಿಕೊಂಡು ಬಂದರೆ ಒಳಗೆ ಮಸಿ ತುಂಬಿದೆ ಅಥವಾ ಸ್ಪ್ರಿಂಗ್ ಸೋತಿದೆ ಅಂತ ಅರ್ಥ. ಒಂದು ಹಾರಿಸಿದ ಖಾಲಿ ಕೇಸನ್ನು ಕೊಕ್ಕೆಯ ಕೆಳಗೆ ಜಾರಿಸಿ ಬೋಲ್ಟನ್ನು ಮೆಲ್ಲಗೆ ಅಲ್ಲಾಡಿಸಿ. ಒಳ್ಳೆಯ ಕೊಕ್ಕೆ ಕೇಸನ್ನು ಬಿಡುವುದಿಲ್ಲ. ಬದಲಾಯಿಸುವ ಮೊದಲು ಹೀಗೆ ಮಾಡಿ ನೋಡಿಟ್ಟುಕೊಂಡರೆ ಆಮೇಲೆ ಹೋಲಿಸಲು ಅನುಕೂಲ.

ಬೋಲ್ಟ್, ತೆಳು ಸ್ಕ್ರೂಡ್ರೈವರ್, ನಿಮ್ಮ ಎರಡೂ ಕೈ ಪ್ಲಾಸ್ಟಿಕ್ ಕವರ್ ಒಳಗೆ ಹೋಗಲಿ. ಕಾರಣ ಆ ಪ್ಲಂಜರ್. ಅದು ಅಕ್ಕಿ ಕಾಳಿನಷ್ಟು ಸಣ್ಣ ಸಾಮಾನು, ಹಿಂದೆ ಸ್ಪ್ರಿಂಗ್ ಇದೆ, ಕೊಕ್ಕೆ ಸರಿದ ಕ್ಷಣ ಹಾರುತ್ತದೆ. ಕಾರ್ಪೆಟ್ ಮೇಲೆ ಬಿದ್ದರೆ ಸಿಗುವುದಿಲ್ಲ, ಕಣ್ಣಿಗೆ ಬಿದ್ದರೆ ಆಸ್ಪತ್ರೆ.

ಸ್ಕ್ರೂಡ್ರೈವರಿನ ತುದಿಯನ್ನು ಕೊಕ್ಕೆ ಮತ್ತು ಪ್ಲಂಜರ್ ಸೇರುವ ಸಂದಿಗೆ ಇಡಿ. ಕೊಕ್ಕೆಯನ್ನು ಮೀಟಬೇಡಿ, ಪ್ಲಂಜರನ್ನು ಹಿಂದಕ್ಕೆ, ಬೋಲ್ಟ್‌ನ ಬಾಲದ ಕಡೆಗೆ ಒತ್ತಿ. ಸ್ಪ್ರಿಂಗ್ ಕುಗ್ಗುವುದು ಕೈಗೆ ಗೊತ್ತಾಗುತ್ತದೆ. ಹಾಗೇ ಹಿಡಿದುಕೊಂಡು ಇನ್ನೊಂದು ಕೈಯ ಹೆಬ್ಬೆರಳಿನಿಂದ ಕೊಕ್ಕೆಯನ್ನು ಅದರ ಗೂಡಿನಿಂದ ಹೊರಕ್ಕೆ ತಿರುಗಿಸಿ ತೆಗೆಯಿರಿ. ಬಂದ ಮೇಲೆ ಸ್ಕ್ರೂಡ್ರೈವರನ್ನು ತಕ್ಷಣ ಎಳೆದುಬಿಡಬೇಡಿ. ಬೆರಳು ಅಡ್ಡ ಹಿಡಿದು ನಿಧಾನಕ್ಕೆ ಸಡಿಲ ಬಿಡಿ, ಪ್ಲಂಜರ್ ಮತ್ತು ಸ್ಪ್ರಿಂಗ್ ಕವರಿನೊಳಗೇ ಉಳಿಯುತ್ತವೆ.

ಗೂಡಿನಲ್ಲಿ ಏನಿದೆ ಅಂತ ಈಗ ನೋಡಿ. ಸಾಲ್ವೆಂಟ್ ಹಾಕಿ ಎರಡು ನಿಮಿಷ ನೆನೆಯಲು ಬಿಡಿ, ಬ್ರಷ್‌ನಿಂದ ಉಜ್ಜಿ, ಸ್ಪ್ರಿಂಗ್ ಕೂರುವ ರಂಧ್ರವನ್ನು ಬಟ್ಟೆಯ ಎಳೆಯಿಂದಲೋ ಕಿವಿ ಸ್ವಚ್ಛ ಮಾಡುವ ಕಡ್ಡಿಯಿಂದಲೋ ಒರೆಸಿ, ಕಡ್ಡಿಯ ತುದಿಗೆ ಕಪ್ಪು ಅಂಟುವುದು ನಿಲ್ಲುವ ತನಕ. ಬೋಲ್ಟ್ ಮುಖವನ್ನೂ ತಿಕ್ಕಿ. ಗುಂಡಿಗೆ ಹೊಡೆದು ಸಿಡಿಸುವ ಫೈರಿಂಗ್ ಪಿನ್ ಬೇರೊಂದು ಅಡ್ಡ ಪಿನ್ನಿನಿಂದ ಹಿಡಿದಿರುತ್ತದೆ, ಅದನ್ನು ಹೊಡೆದು ತೆಗೆಯುವ ಅಗತ್ಯ ಇಲ್ಲ. ಅದು ಸಲೀಸಾಗಿ ಹಿಂದೆ ಮುಂದೆ ಆಡುತ್ತಿದ್ದರೆ ಸಾಕು. ಬೋಲ್ಟ್ ಹೊರಗಿದೆಯಲ್ಲ, ಚೇಂಬರನ್ನೂ ನೈಲಾನ್ ಬ್ರಷ್ ಹಾಕಿ ತೊಳೆದುಬಿಡಿ. ಮಾಮೂಲಿ 10/22ರಲ್ಲಿ ರಿಸೀವರಿನ ಹಿಂದೆ ರಂಧ್ರ ಇರುವುದಿಲ್ಲ, ಹಿಂದಿನಿಂದ ರಾಡ್ ತೂರಿಸಲು ಆಗುವುದಿಲ್ಲ. ಎಳೆಯುವ ಹಗ್ಗದ ಥರದ ಬೋರ್‌ಸ್ನೇಕ್ ಇದ್ದರೆ ಚೇಂಬರ್ ಕಡೆಯಿಂದ ಹಾಕಿ ನಳಿಕೆಯ ಬಾಯಿಂದ ಎಳೆಯಿರಿ.

ಜೋಡಿಸುವುದು ಇದೇ ಕೆಲಸ, ತಿರುಗಾಮುರುಗಾ. ರಂಧ್ರಕ್ಕೆ ಒಂದೇ ಒಂದು ಹನಿ ಎಣ್ಣೆ, ಜಾಸ್ತಿ ಬೇಡ, ಎಣ್ಣೆ ಜಾಸ್ತಿಯಾದರೆ ಮಸಿಯನ್ನು ಬೇಗ ಹಿಡಿಯುತ್ತದೆ. ಮೊದಲು ಸ್ಪ್ರಿಂಗ್, ಆಮೇಲೆ ಪ್ಲಂಜರ್. ಪ್ಲಂಜರಿನ ಯಾವ ತುದಿ ಮುಂದಕ್ಕೆ ಇತ್ತು ಅಂತ ಫೋಟೋದಲ್ಲಿ ನೋಡಿಕೊಳ್ಳಿ. ಕವರಿನೊಳಗೇ ಪ್ಲಂಜರನ್ನು ಸ್ಕ್ರೂಡ್ರೈವರಿನಿಂದ ಹಿಂದಕ್ಕೆ ಒತ್ತಿ ಹಿಡಿದು, ಹೊಸ ಕೊಕ್ಕೆಯನ್ನು ಅದರ ತುದಿ ಬೋಲ್ಟ್ ಮುಖದ ನಡುವಿನ ಕಡೆ ನೋಡುವಂತೆ ಗೂಡಿಗೆ ಕೂರಿಸಿ, ಪ್ಲಂಜರನ್ನು ನಿಧಾನಕ್ಕೆ ಬಿಡಿ. ಅದು ಕೊಕ್ಕೆಯ ಹಿಂದಿನ ಹಳ್ಳಕ್ಕೆ ಬಂದು ಕೂತಾಗ ಸಣ್ಣ ಟಿಕ್ ಸದ್ದು ಬರುತ್ತದೆ. ಉಗುರಿನಿಂದ ಎಳೆದು ಬಿಡಿ, ಖಾಲಿ ಕೇಸಿನ ಪರೀಕ್ಷೆ ಮತ್ತೆ ಮಾಡಿ. ಕೇಸು ಸುಲಭವಾಗಿ ಜಾರಿ ಒಳಗೆ ಬರಬೇಕು, ಅಲ್ಲಾಡಿಸಿದರೆ ಬೀಳಬಾರದು. ಬೀಳುತ್ತಿದ್ದರೆ ಕೊಕ್ಕೆ ಸರಿಯಾಗಿ ಕೂತಿಲ್ಲ, ಮುಂದೆ ಹೋಗಬೇಡಿ, ಮತ್ತೆ ತೆಗೆದು ಹಾಕಿ. ಕೂರುತ್ತಿಲ್ಲ ಅಂತ ಅರ ತೆಗೆದುಕೊಂಡು ಉಜ್ಜಲು ಹೋಗಬೇಡಿ.

ಇಷ್ಟೆಲ್ಲ ಬಿಚ್ಚಿದ್ದೀರಲ್ಲ, ಆ ದಪ್ಪ ಬೋಲ್ಟ್ ಸ್ಟಾಪ್ ಪಿನ್ ಬಗ್ಗೆಯೂ ಒಂದು ಮಾತು. ಮೂಲ ಪಿನ್ ಉಕ್ಕಿನದ್ದು, ಪ್ರತಿ ಸಲ ಬೋಲ್ಟ್ ಹಿಂದೆ ಬಂದು ಅದಕ್ಕೆ ಬಡಿಯುತ್ತದೆ, ಕಿವಿ ಪಕ್ಕದಲ್ಲೇ ಕಟಕ್ ಅಂತ ಕೇಳುತ್ತದೆ. ಅದರ ಜಾಗಕ್ಕೆ ಅದೇ ಅಳತೆಯ ಪಾಲಿಮರ್ ಬಫರ್ ಸಿಗುತ್ತದೆ, ಹಾಕಿದರೆ ಆ ಸದ್ದು ಕಡಿಮೆಯಾಗುತ್ತದೆ. ಯಾವ ಉಪಕರಣವೂ ಬೇಡ, ಇದನ್ನು ತೆಗೆದು ಅದನ್ನು ತಳ್ಳುವುದಷ್ಟೇ. ಬೇಕಿದ್ದವರು ಹಾಕಿಕೊಳ್ಳಿ. ಸವೆದ ಬಫರನ್ನು ಆಗಾಗ ನೋಡಿ ಬದಲಾಯಿಸಬೇಕು ಅನ್ನುವುದು ನೆನಪಿರಲಿ.

ಮತ್ತೆ ಜೋಡಿಸುವುದು

ಹ್ಯಾಂಡಲ್ ಮತ್ತು ಸ್ಪ್ರಿಂಗನ್ನು ಕಿಟಕಿಯ ಮೂಲಕ ಅದರ ಜಾಗಕ್ಕೆ ಇಡಿ. ಹ್ಯಾಂಡಲ್ ಹಿಂದಕ್ಕೆ ಎಳೆದು ಹಿಡಿದು, ಬೋಲ್ಟ್‌ನ ಹಿಂಭಾಗ ಮೊದಲು ಒಳಗೆ ಹಾಕಿ, ಮುಂಭಾಗವನ್ನು ಇಳಿಸಿ. ಬೋಲ್ಟ್‌ನಲ್ಲಿರುವ ಕಚ್ಚು ಹ್ಯಾಂಡಲಿನ ಮೂಲೆಗೆ ಕೂತರೆ ಎರಡೂ ಒಟ್ಟಿಗೆ ಜಾರುತ್ತವೆ. ಕೂರದಿದ್ದರೆ ಹ್ಯಾಂಡಲ್ ಒಂದು ಕಡೆ, ಬೋಲ್ಟ್ ಒಂದು ಕಡೆ. ಇಡೀ ಜೋಡಣೆಯಲ್ಲಿ ತಾಳ್ಮೆ ಕೇಳುವ ಜಾಗ ಇದೊಂದೇ. ಒತ್ತಿ ಕೂರಿಸಬೇಡಿ, ಸರಿಯಾದ ಕೋನದಲ್ಲಿ ತಾನಾಗೇ ಬೀಳುತ್ತದೆ.

ಬೋಲ್ಟ್ ಸ್ಟಾಪ್ ಹಾಕಿ. ಇದನ್ನು ಮರೆತು ಮುಂದೆ ಹೋಗುವುದು ಸುಲಭ, ತಟ್ಟೆಯಲ್ಲಿ ಏನೂ ಉಳಿದಿಲ್ಲ ಅಂತ ನೋಡಿಕೊಳ್ಳಿ. ಹೌಸಿಂಗ್ ಹಾಕುವ ಮೊದಲು ಹ್ಯಾಮರ್ ಹಿಂದಕ್ಕೆ ಕಾಕ್ ಆಗಿರಬೇಕು, ಬೋಲ್ಟ್ ಮುಂದಿರಬೇಕು. ಹೌಸಿಂಗಿನಲ್ಲಿರುವ ಎಜೆಕ್ಟರ್ ಬೋಲ್ಟ್‌ನ ಸೀಳಿನೊಳಗೆ ಹೋಗುತ್ತಿದೆಯಾ ಅಂತ ನೋಡಿ ಕೂರಿಸಿ. ಎರಡು ಪಿನ್ ಬೆರಳಲ್ಲೇ ಹೋಗಬೇಕು, ಸುತ್ತಿಗೆ ಬೇಕಾಯ್ತು ಅಂದರೆ ಏನೋ ಸರಿ ಕೂತಿಲ್ಲ. ಸೇಫ್ಟಿ ಮತ್ತೆ ಅರ್ಧಕ್ಕೆ, ಹಿಂಭಾಗ ಮೊದಲು ಸ್ಟಾಕಿಗೆ, ಸ್ಕ್ರೂ ಬಿಗಿ. ಕೈಗೆ ಬಿಗಿ ಅನ್ನಿಸಿದಲ್ಲಿ ನಿಲ್ಲಿಸಿ, ಅಲ್ಯೂಮಿನಿಯಂ ರಿಸೀವರಿನಲ್ಲಿ ಸ್ಕ್ರೂ ಕೂರುವ ಎಳೆ ಕಿತ್ತುಹೋದರೆ ರಿಪೇರಿ ದೊಡ್ಡದು.

ಪರೀಕ್ಷೆ

ಗುಂಡಿಲ್ಲದೆ ಮೊದಲು. ಚೇಂಬರ್ ಖಾಲಿ ಅಂತ ಮತ್ತೆ ನೋಡಿ, ನಳಿಕೆ ಸುರಕ್ಷಿತ ದಿಕ್ಕಿಗಿರಲಿ. ಬೋಲ್ಟ್ ಎಳೆದು ಬಿಡಿ. ಸೇಫ್ಟಿ ಹಾಕಿ ಟ್ರಿಗರ್ ಎಳೆದರೆ ಹ್ಯಾಮರ್ ಬೀಳಬಾರದು. ಸೇಫ್ಟಿ ತೆಗೆದು ಎಳೆದರೆ ಬೀಳಬೇಕು. ಟ್ರಿಗರ್ ಎಳೆದೇ ಹಿಡಿದುಕೊಂಡು ಬೋಲ್ಟ್ ಎಳೆದು ಬಿಡಿ, ಹ್ಯಾಮರ್ ತಾನಾಗಿ ಬೀಳಬಾರದು, ಟ್ರಿಗರ್ ಬಿಟ್ಟಾಗ ಕ್ಲಿಕ್ ಅಂತ ಮತ್ತೆ ಕಚ್ಚಿಕೊಳ್ಳಬೇಕು. ಇದರಲ್ಲಿ ಒಂದು ತಪ್ಪಿದರೂ ಗುಂಡು ಹಾಕಬೇಡಿ. ರಿಮ್‌ಫೈರ್ ರೈಫಲ್‌ಗಳನ್ನು (ಇದರ ಹಾಗೆ ಗುಂಡಿನ ಹಿಂದಿನ ಅಂಚಿಗೆ ಹೊಡೆದು ಸಿಡಿಸುವಂಥವು) ಸುಮ್ನೆ ಖಾಲಿ ಹೊಡೆಯಬಾರದು ಅಂತ ಕೇಳಿರುತ್ತೀರಿ, ಫೈರಿಂಗ್ ಪಿನ್ ಚೇಂಬರಿನ ಅಂಚಿಗೆ ಬಡಿದು ಕಚ್ಚು ಬೀಳುವ ಭಯ. 10/22ರಲ್ಲಿ ಆ ಪಿನ್ ಅಷ್ಟು ಮುಂದೆ ಹೋಗದಂತೆ ತಡೆ ಇದೆ, ಹಾಗಾಗಿ ಈ ಪರೀಕ್ಷೆಗೆ ಭಯ ಬೇಡ. ಬೇರೆ ರೈಫಲ್ ಇರುವವರು ತಮ್ಮ ಕೈಪಿಡಿ ನೋಡಿ.

ರೇಂಜಿನಲ್ಲಿ ಕಣ್ಣಿಗೂ ಕಿವಿಗೂ ರಕ್ಷಣೆ ಹಾಕಿಕೊಂಡು ಮೊದಲು ಮ್ಯಾಗಜೀನಿಗೆ ಒಂದೇ ಗುಂಡು ಹಾಕಿ ಹಾರಿಸಿ. ಕೇಸು ಎಲ್ಲಿ ಬಿತ್ತು ನೋಡಿ. ಆಮೇಲೆ ಎರಡು. ಒಮ್ಮೆ ಟ್ರಿಗರ್ ಎಳೆದರೆ ಒಂದೇ ಹಾರುತ್ತಿದೆ ಅಂತ ಖಚಿತವಾದ ಮೇಲೆ ಹತ್ತೂ ತುಂಬಿಸಿ. ಗುಂಡು ಹಾರದೆ ಬರೀ ಕ್ಲಿಕ್ ಅಂದರೆ ನಳಿಕೆ ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ಆಮೇಲೆ ಬೋಲ್ಟ್ ಎಳೆಯಿರಿ. ಸದ್ದು ಪುಸ್ಸೆಂದರೆ ಅಲ್ಲೇ ನಿಲ್ಲಿಸಿ, ಖಾಲಿ ಮಾಡಿ, ನಳಿಕೆಯಲ್ಲಿ ಸೀಸ ಸಿಕ್ಕಿಕೊಂಡಿಲ್ಲ ಅಂತ ನೋಡದೆ ಇನ್ನೊಂದು ಹಾರಿಸಬೇಡಿ.

ಒಂದೆರಡು ಬಗೆಯ ಗುಂಡಿನಲ್ಲಿ ನೋಡಿ, ಬೇರೊಂದು ಮ್ಯಾಗಜೀನಿನಲ್ಲೂ ನೋಡಿ. ಹೊಸ ಕೊಕ್ಕೆ, ಸ್ವಚ್ಛ ಚೇಂಬರ್, ಒಳ್ಳೆಯ ಗುಂಡು ಮೂರೂ ಇದ್ದೂ ಕೇಸು ಒಳಗೇ ಉಳಿಯುತ್ತಿದ್ದರೆ ಚೇಂಬರಿನ ಒಳಮೈ ಒರಟಾಗಿರಬಹುದು, ಅಥವಾ ಅಂಚಿನಲ್ಲಿ ಕಚ್ಚು ಬಿದ್ದಿರಬಹುದು. ಅದನ್ನು ಅಳೆದು ನೋಡುವ ಉಪಕರಣ ಮನೆಯಲ್ಲಿರುವುದಿಲ್ಲ. ರೈಫಲನ್ನು ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ಹತ್ತಿರ ಒಯ್ಯಿರಿ, ಹಳೇ ಎಕ್ಸ್‌ಟ್ರಾಕ್ಟರನ್ನೂ, ಸಿಕ್ಕಿಕೊಂಡಿದ್ದ ಎರಡು ಮೂರು ಖಾಲಿ ಕೇಸುಗಳನ್ನೂ ಒಂದು ಪೊಟ್ಟಣದಲ್ಲಿ ಜೊತೆಗೆ ಕೊಡಿ. ಕೇಸಿನ ಮೈಮೇಲಿನ ಗೀರು, ಅಂಚಿನ ಮೇಲಿನ ಕೊಕ್ಕೆಯ ಗುರುತು ನೋಡಿದರೆ ಹುಡುಕಾಟ ಎಲ್ಲಿಂದ ಶುರು ಮಾಡಬೇಕು ಅಂತ ಅವರಿಗೆ ಬೇಗ ಗೊತ್ತಾಗುತ್ತದೆ.